ಉದ್ರಿ ಕೊಟ್ಟು ಉಳಿದ ಹೋಟೆಲ್

'ಇಂದು ನಗದು, ನಾಳೆ ಉದ್ರಿ.' ನಮ್ಮ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆ ಹಿಂದೆ ನೇತಾಡುತ್ತಿದ್ದ ಬೋರ್ಡು. ಆ ನಾಳೆ ಯಾವತ್ತೂ ಬರಲ್ಲ ಅನ್ನೋದು ಗಿರಾಕಿಗೂ ಗೊತ್ತು, ಸಾಹುಕಾರನಿಗೂ ಗೊತ್ತು. ಸಾಲ ಕೊಟ್ಟವನು ಕೆಟ್ಟ ಅನ್ನೋದು ವ್ಯಾಪಾರದ ಮೊದಲ ಪಾಠ. ಆದರೆ ನ್ಯೂಯಾರ್ಕಿನಲ್ಲಿ ಒಂದು ಹೋಟೆಲ್ ಈ ಪಾಠಕ್ಕೆ ಪೂರ್ತಿ ಉಲ್ಟಾ ನಡೆದು ನೂರು ವರ್ಷ ದಾಟಿದೆ. ಹೆಸರು ಸಾರ್ಡೀಸ್. ಬ್ರಾಡ್‌ವೇ ನಾಟಕಶಾಲೆಗಳ ನಡುವೆ, ವೆಸ್ಟ್ 44ನೇ ಬೀದಿಯ 234ನೇ ನಂಬರಿನ ಕಟ್ಟಡ. ಪಕ್ಕದಲ್ಲೇ ಹೇಯ್ಸ್ ಥಿಯೇಟರ್, ರಸ್ತೆ ದಾಟಿದರೆ ಶೂಬರ್ಟ್ ಥಿಯೇಟರ್.

ಇಟಲಿಯ ಪೀಡ್‌ಮಾಂಟ್ ಕಡೆಯಿಂದ ವಲಸೆ ಬಂದ ವಿನ್ಸೆಂಟ್ ಸಾರ್ಡಿ, ಹೆಂಡತಿ ಯೂಜೀನಿಯಾ ಜೊತೆ ಸೇರಿ 1921ರಲ್ಲಿ ಇದೇ ಬೀದಿಯಲ್ಲಿ ಒಂದು ಪುಟ್ಟ ಹೋಟೆಲ್ ತೆರೆದ. ಅದರ ಹೆಸರೂ 'ದಿ ಲಿಟಲ್ ರೆಸ್ಟೋರೆಂಟ್'. ಜನ ಮಾತ್ರ ಮಾಲೀಕನ ಹೆಸರಿನಿಂದಲೇ ಕರೆದರು. ನಾಟಕದವರು ಅಲ್ಲಿಗೆ ಊಟಕ್ಕೆ ಬರುವುದು ರೂಢಿಯಾಯಿತು. ಅಷ್ಟರಲ್ಲಿ ಒಂದು ತಮಾಷೆ ನಡೆಯಿತು. ನಾಟಕದವರನ್ನೇ ನಂಬಿಕೊಂಡಿದ್ದ ಆ ಹೋಟೆಲನ್ನು ಕೆಡವಿದ್ದು ಒಂದು ನಾಟಕಶಾಲೆ ಕಟ್ಟೋದಕ್ಕೆ! ಇವತ್ತು ಸೇಂಟ್ ಜೇಮ್ಸ್ ಥಿಯೇಟರ್ ನಿಂತಿರುವುದು ಆ ಜಾಗದಲ್ಲೇ. ಸಾರ್ಡಿಗೆ ಹೊಸ ಜಾಗ ಕೊಟ್ಟವರೂ ನಾಟಕದವರೇ, ಥಿಯೇಟರ್ ಮಾಲೀಕರಾದ ಶೂಬರ್ಟ್ ಸಹೋದರರು. 1927ರ ಮಾರ್ಚ್‌ನಲ್ಲಿ ಈಗಿನ ಕಟ್ಟಡದಲ್ಲಿ ಹೋಟೆಲ್ ಮತ್ತೆ ಶುರುವಾಯಿತು.

ಹೊಸ ಜಾಗದಲ್ಲಿ ವ್ಯಾಪಾರ ಕುದುರಲಿಲ್ಲ. ಪ್ಯಾರಿಸ್ಸಿನ ಒಂದು ಕ್ಲಬ್ಬಿನ ಗೋಡೆ ತುಂಬ ನಟನಟಿಯರ ವ್ಯಂಗ್ಯಚಿತ್ರ ಇದ್ದದ್ದು ಸಾರ್ಡಿಗೆ ನೆನಪಾಯಿತು. ಅಂಥದ್ದನ್ನು ಬರೆಯೋದಕ್ಕೆ ರಷ್ಯಾದಿಂದ ನಿರಾಶ್ರಿತನಾಗಿ ಬಂದಿದ್ದ ಅಲೆಕ್ಸ್ ಗಾರ್ಡ್ ಎಂಬ ಕಲಾವಿದ ಸಿಕ್ಕಿದ. ಇಬ್ಬರ ನಡುವೆ ಒಪ್ಪಂದ ಆಯಿತು. ಗಾರ್ಡ್ ಚಿತ್ರ ಬರೆದು ಕೊಡಬೇಕು, ಸಾರ್ಡಿ ದಿನಕ್ಕೊಂದು ಊಟ ಹಾಕಬೇಕು. ಚಿತ್ರ ಚೆನ್ನಾಗಿಲ್ಲ ಅಂತ ಸಾರ್ಡಿ ಅನ್ನೋ ಹಾಗಿಲ್ಲ, ಊಟ ಚೆನ್ನಾಗಿಲ್ಲ ಅಂತ ಗಾರ್ಡ್ ಅನ್ನೋ ಹಾಗಿಲ್ಲ. ದುಡ್ಡಿನ ಮಾತೇ ಇಲ್ಲ. ಹೀಗೆ ಗಾರ್ಡ್ ಬರೆದದ್ದು 700ಕ್ಕೂ ಹೆಚ್ಚು ಚಿತ್ರ. 1947ರಲ್ಲಿ ಮಗ ವಿನ್ಸೆಂಟ್ ಜೂನಿಯರ್ ಹೋಟೆಲ್ ವಹಿಸಿಕೊಂಡಾಗ, ಈ ಕರಾರನ್ನು ಬದಲಿಸೋಣ ಅಂತ ತಾನಾಗಿಯೇ ಕೇಳಿದ. ಗಾರ್ಡ್ ಒಪ್ಪಲಿಲ್ಲ. ಮರುವರ್ಷ ತೀರಿಕೊಳ್ಳುವವರೆಗೂ ಊಟಕ್ಕೇ ಚಿತ್ರ ಬರೆದ.

ಗಾರ್ಡ್‌ಗೆ ಊಟದ ಬದಲು ಕೊಡೋಕೆ ಚಿತ್ರ ಇತ್ತು. ಮಿಕ್ಕ ನಟರ ಹತ್ತಿರ ಏನಿತ್ತು? ನಾಟಕದ ನೌಕರಿ ಹೇಗೆ ಅಂತ ಸ್ವಲ್ಪ ಯೋಚಿಸಿ. ತಿಂಗಳುಗಟ್ಟಲೆ ತಾಲೀಮು ಮಾಡಿದ ನಾಟಕ ಒಂದೇ ವಾರದಲ್ಲಿ ಮುಚ್ಚಿಹೋಗಬಹುದು. ಆಮೇಲೆ ಮುಂದಿನ ಪಾತ್ರ ಸಿಗುವವರೆಗೆ ಖಾಲಿ ಕೈ. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದ್ರೆ ಬೆಂಚ್ ಮೇಲೆ ಕೂತ ಹಾಗೆ, ಆದರೆ ಸಂಬಳ ಇಲ್ಲದ ಬೆಂಚ್. ಅಂಥ ನಟರಿಗೆ ಸಾರ್ಡಿ ಲೆಕ್ಕ ಬರೆದುಕೊಂಡು ಊಟ ಹಾಕುತ್ತಿದ್ದ. ಪಾತ್ರ ಸಿಕ್ಕಾಗ ಕೊಟ್ಟರಾಯಿತು. ನಟರಿಗೆಂದೇ ಕಮ್ಮಿ ರೇಟಿನ ಬೇರೆ ಮೆನು ಕೂಡ ಇತ್ತು.

ಇದು ಬರೀ ದಾನಧರ್ಮ ಅಲ್ಲ, ಇದರಲ್ಲೊಂದು ಲೆಕ್ಕಾಚಾರವೂ ಇತ್ತು ಅನ್ನಬಹುದು. ನಟರು ಕೂತಿರುವ ಕಡೆ ಅವರನ್ನು ನೋಡೋಕೆ ಜನ ಬರ್ತಾರೆ, ಆ ಜನ ಪೂರ್ತಿ ಬಿಲ್ ಕಟ್ಟುತ್ತಾರೆ. ನಿಜ. ಆದರೆ ಯಾವ ನಟ ನಾಳೆ ಸ್ಟಾರ್ ಆಗ್ತಾನೆ, ಯಾರು ಹೆಸರೇ ಇಲ್ಲದೆ ಊರಿಗೆ ವಾಪಸ್ ಹೋಗ್ತಾನೆ ಅಂತ ಊಟ ಬಡಿಸುವಾಗ ಯಾರಿಗೂ ಗೊತ್ತಾಗಲ್ಲ. ಎಲ್ಲರಿಗೂ ಬಡಿಸಬೇಕು. ಹಾಗಾಗಿ ಲೆಕ್ಕಾಚಾರ ಎಷ್ಟೇ ಇದ್ದರೂ ನಂಬಿಕೆ ಇಲ್ಲದೆ ಈ ವ್ಯಾಪಾರ ನಡೆಯೋದಿಲ್ಲ.

ಇಲ್ಲಿ ನಟರಿಗೆ ಸಿಗುತ್ತಿದ್ದದ್ದು ಊಟ ಮಾತ್ರ ಅಲ್ಲ, ಕಾಯೋಕೆ ಒಂದು ಜಾಗ. ಹೊಸ ನಾಟಕದ ಮೊದಲ ಪ್ರದರ್ಶನ ಮುಗಿದ ಕೂಡಲೇ ವಿಮರ್ಶಕರು ತಮ್ಮ ಪತ್ರಿಕೆಗಳಿಗೆ ಓಡುತ್ತಿದ್ದರು. ನಟರು, ನಿರ್ಮಾಪಕರು ಸಾರ್ಡೀಸ್‌ಗೆ ಬರುತ್ತಿದ್ದರು. 'ನ್ಯೂಯಾರ್ಕ್ ಟೈಮ್ಸ್' ಕಚೇರಿ ಆಗ ಕೂಗಳತೆ ದೂರದಲ್ಲಿ, 43ನೇ ಬೀದಿಯಲ್ಲಿತ್ತು. ರಾತ್ರಿ ಅಚ್ಚಾದ ಪೇಪರ್ ಬಿಸಿಬಿಸಿಯಾಗಿ ಹೋಟೆಲಿಗೆ ಬರುತ್ತಿತ್ತು. ವಿಮರ್ಶೆ ಒಳ್ಳೆಯದಾದರೆ ಸಂಭ್ರಮ, ಕೆಟ್ಟದಾದರೆ ಎಷ್ಟೋ ಜನರ ಕೆಲಸ ಹೋದ ಹಾಗೇ. ಒಂದು ವರ್ಷದ ಬದುಕು ತೀರ್ಮಾನ ಆಗುವ ಆ ಎರಡು ಗಂಟೆ ಒಬ್ಬರೇ ಕೂತು ಕಾಯೋದು ಕಷ್ಟ. ಜೊತೆಗೆ ನಾಲ್ಕು ಜನ ಬೇಕು.

ನಾಟಕದವರು ಈ ಋಣ ಮರೆಯಲಿಲ್ಲ. 1946ರಲ್ಲಿ ನಟಿ, ನಿರ್ದೇಶಕಿ ಆಂಟೊನೆಟ್ ಪೆರಿ ತೀರಿಕೊಂಡಾಗ, ಅವಳ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸುವ ಯೋಚನೆ ನಿರ್ಮಾಪಕ ಬ್ರಾಕ್ ಪೆಂಬರ್ಟನ್‌ಗೆ ಹೊಳೆದದ್ದು ಇದೇ ಹೋಟೆಲಿನಲ್ಲಿ ಊಟ ಮಾಡುವಾಗ ಅಂತ ಹೇಳ್ತಾರೆ. ಅದೇ ಇವತ್ತಿನ ಟೋನಿ ಪ್ರಶಸ್ತಿ. 1947ರ ಮೊದಲ ಸಮಾರಂಭದಲ್ಲಿ ನಟರು, ನಿರ್ದೇಶಕರ ಜೊತೆಗೆ ಒಬ್ಬ ಹೋಟೆಲ್ ಮಾಲೀಕನಿಗೂ ವಿಶೇಷ ಪ್ರಶಸ್ತಿ ಕೊಟ್ಟರು. 20 ವರ್ಷ ರಂಗಭೂಮಿಯವರಿಗೆ ತಂಗುದಾಣ ಆಗಿದ್ದಕ್ಕೆ. ವಿನ್ಸೆಂಟ್ ಸಾರ್ಡಿ ಅದೇ ವರ್ಷ ಗಲ್ಲಾಪೆಟ್ಟಿಗೆಯಿಂದ ಎದ್ದು ನಿವೃತ್ತನಾದ.

ಮಗನ ಕಾಲದಲ್ಲಿ ಹೆಸರು ಇನ್ನೂ ದೊಡ್ಡದಾಯಿತು. 1979ರಲ್ಲಿ 200ಕ್ಕೂ ಹೆಚ್ಚು ಚಿತ್ರಗಳನ್ನು ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟರು. 1985ರಲ್ಲಿ ಹೋಟೆಲ್ ಮಾರಾಟವಾಯಿತು. ಹೊಸ ಮಾಲೀಕರಿಗೆ ಜಾಗ ಸಿಕ್ಕಿತು, ಹೆಸರು ಸಿಕ್ಕಿತು, ಗೋಡೆ ತುಂಬ ಚಿತ್ರಗಳೂ ಇದ್ದವು. ಆದರೂ ಐದು ವರ್ಷದಲ್ಲಿ ದಿವಾಳಿ. ಕೊನೆಗೆ ಜೂನಿಯರ್ ಸಾರ್ಡಿಯೇ ವಾಪಸ್ ಬಂದು ನಿಲ್ಲಿಸಬೇಕಾಯಿತು. ಅವನ ಪಾಲುದಾರನಾಗಿ, ಮುಂದೆ ಹೋಟೆಲಿನ ಮಾಲೀಕನೂ ಆದದ್ದು ಕೊಲಂಬಿಯಾದಿಂದ ಬಂದು 1974ರಲ್ಲಿ ಅದೇ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದ ಮ್ಯಾಕ್ಸ್ ಕ್ಲಿಮಾವಿಷಿಯಸ್.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಥಿಯೇಟರುಗಳು ಮುಚ್ಚಿದಾಗ ಸಾರ್ಡೀಸ್ ಕೂಡ ಮುಚ್ಚಿತು. ಎದುರಿನ ಬಾಗಿಲು ಹಾಕಿದರೆ ಇದರದ್ದೂ ಹಾಕಬೇಕು, ಇದರ ಹಣೆಬರಹವೇ ಅಷ್ಟು. ಮತ್ತೆ ತೆರೆದದ್ದು 2021ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಟೈಮ್ಸ್ ಕಚೇರಿ ಬೇರೆ ಕಡೆಗೆ ಹೋಗಿ ಎಷ್ಟೋ ವರ್ಷ ಆಗಿತ್ತು. ವಿಮರ್ಶೆ ಈಗ ಎಲ್ಲರ ಮೊಬೈಲಿಗೇ ಬರುತ್ತೆ, ಕಾಯೋಕೆ ಅಂತ ಯಾರೂ ಹೋಟೆಲಿಗೆ ಬರಬೇಕಾಗಿಲ್ಲ.

ಈಗ ನಾವು ಊಟ ಮಾಡುವ ಎಷ್ಟೋ ಕಡೆ ಕ್ಯೂಆರ್ ಕೋಡ್ ತೋರಿಸಿ ಮೊದಲು ದುಡ್ಡು, ಆಮೇಲೆ ತಟ್ಟೆ. ಅಲ್ಲಿ ಉದ್ರಿ ಕೇಳೋಕೆ ಎದುರಿಗೆ ಮನುಷ್ಯರೇ ಇರಲ್ಲ. ಕೆಲಸ ಕಳೆದುಕೊಂಡವನು ಮರುದಿನವೂ ಹೋಗಿ ತಲೆಯೆತ್ತಿ ಕೂತು ಊಟ ಮಾಡಬಹುದಾದ ಜಾಗ ಒಂದು ಊರಿನಲ್ಲಿ ಎಷ್ಟಿವೆ ಅಂತ ಎಣಿಸಿ ನೋಡಿ. ಸಾರ್ಡಿ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದದ್ದು ಅಂಥವರ ಹೆಸರುಗಳನ್ನೇ.