ಕೋವಿಯ ನಳಿಗೆಗೂ ಅಳತೆಯಿದೆ

ಬೆಳೆ ಕಾಯಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಂತೆ ಮೊದಲು ಸಿಗುವುದು ಬಾಯಿಯಿಂದ ಮದ್ದು ತುಂಬುವ ಕೋವಿಯ ಪರವಾನಗಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಕೋವಿಗೂ ಕೊಡಬಹುದು. ಆದರೆ ಅದರ ನಳಿಗೆ ಒಳಗೆ ನುಣುಪಾಗಿದ್ದು, ಕನಿಷ್ಠ 20 ಇಂಚು ಉದ್ದವಿರಬೇಕು. ಒಳಗೆ ಸುರುಳಿ ಗೀರುಗಳಿದ್ದರೆ ಅದು ರೈಫಲ್, ಈ ಲೆಕ್ಕಕ್ಕೆ ಬರುವುದಿಲ್ಲ.

ಹಿಡಿಯಲು ಹಗುರವಾಗಲೆಂದು ಅಜ್ಜನ ಕಾಲದ ಕೋವಿಯ ನಳಿಗೆಯನ್ನು ಕಮ್ಮಾರನಲ್ಲಿ ಕೊಯ್ಯಿಸುವಂತಿಲ್ಲ. ಪರವಾನಗಿಯಿಲ್ಲದೆ ನಳಿಗೆ ಮೋಟು ಮಾಡುವುದು 6ನೇ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯ ಬಳಿಕ ಇದಕ್ಕೆ ಕನಿಷ್ಠ 7 ವರ್ಷ ಜೈಲು, ಗರಿಷ್ಠ ಜೀವಾವಧಿ ಶಿಕ್ಷೆ. ಹಾಗಾಗಿ ಹಳೆಯ ಕೋವಿ ಕೊಳ್ಳುವವರು ನಳಿಗೆಯನ್ನು ಮೊದಲೇ ಅಳೆದು ನೋಡುವುದು ಒಳ್ಳೆಯದು.

ಪರವಾನಗಿ ಇದ್ದ ಮಾತ್ರಕ್ಕೆ ಕಾಡುಪ್ರಾಣಿಗೆ ಗುಂಡು ಹಾರಿಸುವಂತಿಲ್ಲ. ಅದಕ್ಕೆ ವನ್ಯಜೀವಿ ಕಾಯ್ದೆಯಡಿ ಬೇರೆ ಅನುಮತಿ ಬೇಕು.