ಹೆಬ್ಬೆಟ್ಟಿನಿಂದ ರುಜುವಿಗೆ

ಅಕ್ಷರದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಶಾಸನಗಳಿಂದ, ಓಲೆಗರಿಗಳಿಂದ, ಅಚ್ಚುಕೂಟಗಳಿಂದ ಆರಂಭಿಸುತ್ತೇವೆ. ಹೆಬ್ಬೆಟ್ಟಿನ ಗುರುತಿನಿಂದಲೂ ಅದನ್ನು ಆರಂಭಿಸಬಹುದೆಂದು ನನಗೆ ಕಲಿಸಿದ ಊರು ಪುತ್ತೂರು ತಾಲೂಕಿನ ಕೆದಂಬಾಡಿ.

ವಯಸ್ಕರ ಶಿಕ್ಷಣ ನಮ್ಮ ನಾಡಿಗೆ ಹೊಸತಲ್ಲ. ಮೈಸೂರು ಸಂಸ್ಥಾನದಲ್ಲಿ 1940ರ ದಶಕದಲ್ಲೇ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಗಳಲ್ಲಿ ತರಗತಿಗಳನ್ನು ತೆರೆದಿತ್ತು. ಹೊಸದಾಗಿ ಓದು ಕಲಿತವರಿಗೆಂದು ‘ಬೆಳಕು’ ಪತ್ರಿಕೆಯನ್ನೂ ಹೊರಡಿಸಿತ್ತು. ಪುತ್ತೂರು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ 1978ರ ಅಕ್ಟೋಬರ್ 2ರಂದು, ರಾಷ್ಟ್ರೀಯ ಸಾಕ್ಷರತಾ ಮಿಷನ್ 1988ರಲ್ಲಿ ಆರಂಭವಾದವು. ಅನಂತರ ಸಂಪೂರ್ಣ ಸಾಕ್ಷರತಾ ಆಂದೋಲನ ದಕ್ಷಿಣ ಕನ್ನಡವನ್ನು ತಲುಪಿದಾಗ, ತರುಣ ಅಧ್ಯಾಪಕನಾಗಿದ್ದ ನಾನು ಕೆದಂಬಾಡಿಯ ಒಂದು ಜಗಲಿಯಲ್ಲಿ ಲಾಟೀನಿನ ಮುಂದೆ ಕುಳಿತೆ.

ಕಲಿಯಲು ಬಂದವರಲ್ಲಿ ಹೆಚ್ಚಿನವರು ಬೀಡಿ ಕಟ್ಟುವ ಹೆಂಗಸರು. ಮನೆಮಾತು ತುಳು, ಕಲಿಯಬೇಕಾದದ್ದು ಕನ್ನಡ. ಅಕ್ಷರದೊಂದಿಗೆ ಇನ್ನೊಂದು ಭಾಷೆಯ ಹೊಸ್ತಿಲನ್ನೂ ಅವರು ದಾಟಬೇಕಿತ್ತು. ಆದರೂ ಬೇಗನೆ ಕಲಿತರು. ಕೊಟ್ಟ ಎಲೆಯೆಷ್ಟು, ಹೊಗೆಸೊಪ್ಪೆಷ್ಟು, ಒಪ್ಪಿಸಿದ ಬೀಡಿ ಎಷ್ಟು ಸಾವಿರ ಎಂಬ ಲೆಕ್ಕವೆಲ್ಲ ಅವರ ಕೈಯಲ್ಲಿದ್ದ ಪುಸ್ತಕದಲ್ಲೇ ಇತ್ತು. ಅದನ್ನು ಇನ್ನೊಬ್ಬರು ಓದಿ ಹೇಳಬೇಕಾಗಿದ್ದಿತು, ಅಷ್ಟೆ.

ಒಂದು ರಾತ್ರಿ ನಡುವಯಸ್ಸಿನ ಒಬ್ಬಾಕೆ ಪೆಟ್ಟಿಗೆಯಲ್ಲಿದ್ದ ಹಳೆಯ ಕಾಗದವೊಂದನ್ನು ತಂದರು. 1974ರ ಭೂಸುಧಾರಣೆಯ ಕಾಲದಲ್ಲಿ ಗೇಣಿ ಒಕ್ಕಲಾಗಿದ್ದ ಅವರ ಮಾವ ಸಲ್ಲಿಸಿದ, ಊರವರು ‘ಡಿಕ್ಲರೇಶನ್’ ಎನ್ನುತ್ತಿದ್ದ 7ನೆಯ ನಮೂನೆಯ ಅರ್ಜಿಯ ಪ್ರತಿ ಅದು. ಕೊನೆಯಲ್ಲಿ ಹೆಬ್ಬೆಟ್ಟಿನ ಗುರುತು. ಆಕೆ ಬೆರಳಿಟ್ಟು ಸರ್ವೆ ನಂಬರುಗಳನ್ನು ನಿಧಾನವಾಗಿ ಓದಿದರು. ಮೂರೇ ಇದ್ದವು. ಆ ಕುಟುಂಬ ಉಳುತ್ತಿದ್ದದ್ದು ನಾಲ್ಕು ಗದ್ದೆ. ನಾಲ್ಕನೆಯದನ್ನು ಭೂನ್ಯಾಯಮಂಡಳಿ ಕೊಡಲಿಲ್ಲವೆಂದೇ ಮನೆಯವರು ನಂಬಿದ್ದರು. ಅದನ್ನು ಕೇಳಿಯೇ ಇರಲಿಲ್ಲ! ಬರೆದುಕೊಟ್ಟವರ ಮರೆವೋ ಜಾಣತನವೋ, ಹೇಳುವವರಿಲ್ಲ. ಅರ್ಜಿಯ ಅವಧಿ 1979ರ ಜೂನ್ 30ಕ್ಕೇ ಮುಗಿದಿತ್ತು.

ಅಕ್ಷರ ಕಲಿಸಿ ನಾನು ಆಕೆಗೆ ಕೊಟ್ಟದ್ದು ದುಃಖವನ್ನೇ ಎಂದು ಅಳುಕಿದೆ. ಮರುದಿನ ಆಕೆ ಬರಲಾರರೆಂದುಕೊಂಡೆ. ಬಂದರು. “ಗದ್ದೆ ಹೋದದ್ದು ಹೋಯಿತು ಮಾಷ್ಟ್ರೇ, ಇಂಗ್ಲಿಷನ್ನೂ ಸ್ವಲ್ಪ ಹೇಳಿಕೊಡಿ” ಎಂದು ಭವಿಷ್ಯನಿಧಿಯ ಚೀಟಿಯನ್ನು ಮುಂದಿಟ್ಟರು. ಅದರಲ್ಲಿದ್ದುದು ಇಂಗ್ಲಿಷ್. ನಮ್ಮ ಪಾಠಪುಸ್ತಕದಲ್ಲಿ ಇಂಗ್ಲಿಷಿಗೆ ಎಡೆಯಿರಲಿಲ್ಲ. ಆ ಚೀಟಿಯನ್ನೇ ಪಾಠ ಮಾಡಿಕೊಂಡೆವು: ಮೊದಲು ಹೆಸರು, ಆಮೇಲೆ ಅಂಕೆ, ಆಮೇಲೆ ತಿಂಗಳುಗಳು.

ಸಾಕ್ಷರತೆಯ ಫಲವನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವವರು ಅಳೆಯಲಿ. ಆ ತರಗತಿ ಕಳೆದುಹೋದ ಗದ್ದೆಯನ್ನು ಮರಳಿಸಲಿಲ್ಲ. ಆದರೆ ಅಲ್ಲಿಂದ ಮುಂದೆ ಆ ಮನೆಗೆ ಬಂದ ಯಾವ ಕಾಗದವೂ ಓದಿಸಿಕೊಳ್ಳದೆ ಪೆಟ್ಟಿಗೆ ಸೇರಲಿಲ್ಲ.