ನಡುವೆ ನಿಂತ ‘ಎನ್’

ಆಟೊಮ್ಯಾಟಿಕ್ ಕಾರಿನ ಗೇರ್ ಪಕ್ಕದಲ್ಲಿ ಪಿ, ಆರ್, ಎನ್, ಡಿ ಎಂಬ ಅಕ್ಷರಗಳಿರುತ್ತವೆ. ಪಾರ್ಕಿಂಗ್, ರಿವರ್ಸ್, ನ್ಯೂಟ್ರಲ್, ಡ್ರೈವ್. ಕೆಲವು ಕಾರುಗಳಲ್ಲಿ ಕೊನೆಗೆ ಎಲ್ ಇರುತ್ತದೆ. ಅದು ಕಡಿದಾದ ಏರು-ಇಳಿಜಾರಿಗೆ ಬಳಸುವ ಲೋ ಗೇರ್. ಹೊಸಬರು ಐದೇ ನಿಮಿಷದಲ್ಲಿ ಇದನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಈ ಕ್ರಮ ತೀರ್ಮಾನವಾಗಲು ಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಕಥೆ ಶುರುವಾಗುವುದು ಅಮೆರಿಕದಲ್ಲಿ. ಜನರಲ್ ಮೋಟಾರ್ಸ್ ಕಂಪನಿಯು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೆ ‘ಹೈಡ್ರಾ-ಮ್ಯಾಟಿಕ್’ ಗೇರ್‌ಬಾಕ್ಸ್ ಕೊಟ್ಟಿತು. ಕ್ಲಚ್ ಪೆಡಲ್ ಮಾಯವಾಯಿತು. ಅದರಲ್ಲಿ ಪಿ ಇರಲಿಲ್ಲ. ಎಂಜಿನ್ ಆರಿಸಿ ರಿವರ್ಸ್‌ಗೆ ಹಾಕಿದರೆ ಚಕ್ರ ಕಚ್ಚಿಕೊಳ್ಳುತ್ತಿತ್ತು. 1948ರಲ್ಲಿ ಬಂದ ಬ್ಯುಯಿಕ್ ಡೈನಾಫ್ಲೋದಲ್ಲಿ ಪಿ ಇತ್ತು. ಆದರೆ ಕ್ರಮ ಬೇರೆ: ಪಿ, ಎನ್, ಡಿ, ಎಲ್, ಆರ್.

ಅಂದರೆ ಮುಂದೆ ಹೋಗುವ ಲೋ ಮತ್ತು ಹಿಂದೆ ಹೋಗುವ ರಿವರ್ಸ್ ಅಕ್ಕಪಕ್ಕದ ಮನೆಯವರು. ಇದಕ್ಕೂ ಒಂದು ಕಾರಣವಿತ್ತು. ಕೆಸರಿನಲ್ಲೋ ಹಿಮದಲ್ಲೋ ಹೂತ ಕಾರನ್ನು ಹಿಂದೆ ಮುಂದೆ ತೂಗಾಡಿಸಿ ಎಬ್ಬಿಸಲು ಅದು ಸುಲಭ. ಆದರೆ ಕೈ ಒಂದು ಮನೆ ತಪ್ಪಿದರೆ ಹಿಂದಕ್ಕೆ ಹೋಗಬೇಕಾದ ಕಾರು ಮುಂದಕ್ಕೆ ನುಗ್ಗುತ್ತದೆ. ಮುಂದೆ ಗೋಡೆಯೂ ಇರಬಹುದು, ಮಗುವೂ ಇರಬಹುದು.

ಸಾಲದ್ದಕ್ಕೆ ಕಂಪನಿಗೊಂದು ಕ್ರಮ. ಫೋರ್ಡ್ 1950ರ ದಶಕದಲ್ಲೇ ಪಿ-ಆರ್-ಎನ್-ಡಿ-ಎಲ್ ಬಳಸುತ್ತಿತ್ತು. ಕ್ರೈಸ್ಲರ್ 1956ರಿಂದ 1964ರ ಮಾದರಿಗಳವರೆಗೆ ಗೇರಿಗೆ ಗುಂಡಿಗಳನ್ನು ಕೊಟ್ಟಿತು. ಒಂದು ಕಾರಿಗೆ ಒಗ್ಗಿದ ಕೈ ಇನ್ನೊಂದು ಕಾರಿನಲ್ಲೂ ಹಳೆಯ ಜಾಗವನ್ನೇ ಹುಡುಕುತ್ತದೆ. ಗಾಬರಿಯಲ್ಲಿ ಅಕ್ಷರ ಓದಿ ಗೇರ್ ಹಾಕುವವರು ಯಾರು?

ರಾಲ್ಫ್ ನೇಡರ್ 1965ರಲ್ಲಿ ಪ್ರಕಟಿಸಿದ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕ ಈ ಗೊಂದಲವನ್ನೂ ಎತ್ತಿ ತೋರಿಸಿತು. ಅಪಘಾತವಾದಾಗ ಚಾಲಕನನ್ನಷ್ಟೇ ದೂರುವುದು ಆವರೆಗಿನ ರೂಢಿ. ತಪ್ಪು ಮಾಡಿಸುವಂತೆ ಕಾರು ಕಟ್ಟಿದವರದ್ದೂ ಹೊಣೆಯಲ್ಲವೇ ಎಂಬುದು ನೇಡರ್ ಪ್ರಶ್ನೆ. 1966ರಲ್ಲಿ ವಾಹನ ಸುರಕ್ಷತಾ ಕಾಯ್ದೆ ಬಂತು. ಅದರಡಿ ರೂಪುಗೊಂಡ 102ನೇ ಮಾನದಂಡ 1968ರ ಜನವರಿಯಿಂದ ಜಾರಿಯಾಯಿತು: ಮುಂದಿನ ಗೇರ್ ಮತ್ತು ರಿವರ್ಸ್ ನಡುವೆ ನ್ಯೂಟ್ರಲ್ ಇರಲೇಬೇಕು, ಗೇರ್ ಲಿವರ್‌ನಲ್ಲಿ ಪಿ ಇದ್ದರೆ ಅದು ತುದಿಯಲ್ಲಿ, ರಿವರ್ಸ್ ಪಕ್ಕದಲ್ಲಿರಬೇಕು.

ಹಾಗೆ ‘ಎನ್’ ನಡುವೆ ಬಂದು ನಿಂತಿತು, ಜಗಳವಾಡುವ ಇಬ್ಬರ ಮಧ್ಯೆ ಹಿರಿಯರು ನಿಲ್ಲುವಂತೆ. ಅಲ್ಲಿ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವಿಲ್ಲ. ಕೈ ಒಂದು ಮನೆ ತಪ್ಪಿದರೆ ಎಂಜಿನ್ ಬರಿದೇ ಗುರ್ರೆನ್ನುತ್ತದೆ, ಅಷ್ಟೆ.

ಆದರೆ ಅದೇ ಕಾರಣಕ್ಕೆ ಇಳಿಜಾರಿನಲ್ಲಿ ಎನ್‌ಗೆ ಹಾಕಿ ಬ್ರೇಕ್ ಬಿಟ್ಟರೆ ಕಾರು ಉರುಳುತ್ತದೆ. ಪಿ ಹಾಗಲ್ಲ, ಅಲ್ಲಿ ಒಂದು ಉಕ್ಕಿನ ಹಲ್ಲು ಗೇರ್‌ಬಾಕ್ಸಿನೊಳಗಿನ ಚಕ್ರವನ್ನು ಕಚ್ಚಿ ಹಿಡಿಯುತ್ತದೆ. ಇಡೀ ಕಾರಿನ ಭಾರವನ್ನು ಆ ಒಂದು ಹಲ್ಲಿನ ಮೇಲೆ ಬಿಡಬಾರದೆಂದೇ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ ಎನ್ನುವುದು.

ನಮ್ಮ ರಸ್ತೆಗಳಲ್ಲಿ ಈಗ ಓಡುವ ಅನೇಕ ಎಎಂಟಿ ಕಾರುಗಳಲ್ಲಿ 1940ರ ಓಲ್ಡ್ಸ್‌ಮೊಬೈಲ್‌ನಂತೆಯೇ ಪಿ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟೇ ಎಂಜಿನ್ ಆರಿಸಬೇಕು. ಆದರೆ ಅವುಗಳಲ್ಲೂ ಆರ್ ಮತ್ತು ಡಿ ನಡುವೆ ಎನ್ ಇದೆ.